ಯಂತ್ರದ ಕಣ್ಣು, ವೈದ್ಯರ ಹೊಣೆ

ಎದೆಯ ಕ್ಷ-ಕಿರಣ ಚಿತ್ರದಲ್ಲಿ ಕ್ಷಯದ ಚಿಹ್ನೆಗಳನ್ನು ಹುಡುಕಲು, ಹದಿನೈದು ವರ್ಷ ತುಂಬಿದವರ ಮಟ್ಟಿಗೆ, ಮನುಷ್ಯರ ಬದಲು ಗಣಕಯಂತ್ರವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಸಮ್ಮತಿಸಿತು. ಹಾನಗಲ್ಲ ತಾಲೂಕಿನ ಆಡೂರಿನಂಥ ಊರಿನಲ್ಲಿ ಕ್ಷ-ಕಿರಣ ತಜ್ಞರು ನೆಲೆಸುವುದು ದುರ್ಲಭವಾದುದರಿಂದ, ಈ ಕೃತಕ ಬುದ್ಧಿಯ ಸಹಾಯವನ್ನು ನಾವು ಸ್ವಾಗತಿಸುತ್ತೇವೆ.

ಆದರೆ ಸ್ವಾಗತವೆಂದರೆ ಅಂಧವಿಶ್ವಾಸವಲ್ಲ. ೨೦೧೮ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ನ್ಯುಮೋನಿಯಾ ಗುರುತಿಸಲು ಕಲಿತ ಇಂಥದೇ ಯಂತ್ರವು ಚಿತ್ರವು ಯಾವ ಆಸ್ಪತ್ರೆಯದೆಂಬುದನ್ನೂ ಕಲಿತುಬಿಟ್ಟಿತ್ತು; ಪರಸ್ಥಳದ ಚಿತ್ರಗಳನ್ನು ಕಂಡಾಗ ಎಡವಿತು. ದೂರದ ಊರಿನ ಚಿತ್ರಗಳಿಂದ ಕಲಿತ ಯಂತ್ರವು ನಮ್ಮ ರೈತ-ಕೂಲಿಕಾರರ ಎದೆಯನ್ನು ಸರಿಯಾಗಿ ಓದೀತೆಂದು ಪರೀಕ್ಷಿಸದೆ ನಂಬುವುದೆಂತು?

ಆದುದರಿಂದ ಅಧಿಕಾರಿಗಳು ಯಂತ್ರವನ್ನು ಮೊದಲು ನಮ್ಮ ಜಿಲ್ಲೆಯ ಚಿತ್ರಗಳ ಮೇಲೆಯೇ ಒರೆಗೆ ಹಚ್ಚತಕ್ಕದ್ದು. ಅದು ತಪ್ಪಿದ ಪ್ರತಿಯೊಂದು ಪ್ರಸಂಗವನ್ನೂ ದಫ್ತರದಲ್ಲಿ ದಾಖಲಿಸತಕ್ಕದ್ದು. ಚಿಕ್ಕ ಮಕ್ಕಳ ವಿಷಯದಲ್ಲಿ ಅದರ ತೀರ್ಪನ್ನು ಆಶ್ರಯಿಸಕೂಡದು. ಯಂತ್ರವು ‘ದೋಷವಿಲ್ಲ’ವೆಂದರೂ, ಕೆಮ್ಮು ಬಿಡದ ರೋಗಿಯ ಕಫವನ್ನು ಪರೀಕ್ಷಿಸದೆ ಕಳುಹಿಸಕೂಡದು. ಕಡೆಯ ವರದಿಗೆ ವೈದ್ಯರ ರುಜು ಇರಲೇಬೇಕು.

ಹುಸಿ ಧೈರ್ಯ ಪಡೆದು ಹಿಂದಿರುಗಿದ ಕ್ಷಯರೋಗಿಯಿಂದ ಮನೆಮಂದಿಗೂ ರೋಗ ಹರಡೀತು. ಆಗ ಉತ್ತರ ಹೇಳಬೇಕಾದವರು ಮನುಷ್ಯರೇ ಹೊರತು ಯಂತ್ರವಲ್ಲ.