ಆಧಾರವಿಲ್ಲದ ಹೆಸರು ಮಕ್ಕಳ ಚರಿತ್ರೆಗೆ ಬೇಡ

2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಮಂಡ್ಯಕ್ಕೆ ಬಂದಾಗ ಸ್ವಾಗತ ಕಮಾನೊಂದರ ಮೇಲೆ ಉರಿಗೌಡ, ನಂಜೇಗೌಡ ಎಂಬ ಹೆಸರುಗಳು ಕಾಣಿಸಿಕೊಂಡು, ಟಿಪ್ಪು ಸುಲ್ತಾನನನ್ನು ಕೊಂದ ಒಕ್ಕಲಿಗ ವೀರರು ಇವರೇ ಎಂಬ ವಾದ ರಾಜ್ಯದಾದ್ಯಂತ ಹಬ್ಬಿತು. ಈ ಕುರಿತು ಸಿನಿಮಾ ತೆಗೆಯುವ ಸಿದ್ಧತೆಯೂ ನಡೆದು, ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರಗಳಿಲ್ಲದೆ ಹೀಗೆ ಮಾಡಕೂಡದೆಂದು ತಿಳಿಹೇಳಿದ ಮೇಲೆ ಅದು ನಿಂತಿತು. ಕಮಾನಿನ ಹೆಸರುಗಳೂ ಹೋದವು. ಅಂತರ್ಜಾಲಕ್ಕೆ ಏರಿದ ಕಥೆ ಮಾತ್ರ ಅಲ್ಲೇ ಉಳಿದಿದೆ, ಶಾಲಾಮಕ್ಕಳು ಇಂದು ಚರಿತ್ರೆಯನ್ನು ಹುಡುಕುವುದೂ ಅಲ್ಲೇ. ಆದ್ದರಿಂದ ನಾಡಿನ ಚರಿತ್ರೆ ಮತ್ತು ಸ್ವಾತಂತ್ರ್ಯ ಹೋರಾಟವನ್ನು ಕುರಿತು, ಪ್ರತಿ ಹೇಳಿಕೆಯ ಪಕ್ಕದಲ್ಲೇ ಅದರ ಆಧಾರವನ್ನು ತೋರಿಸುವ ಶೈಕ್ಷಣಿಕ ಜಾಲತಾಣವೊಂದನ್ನು ರಾಜ್ಯ ಸರ್ಕಾರ ಕಟ್ಟುವುದು ತುರ್ತು ಕೆಲಸವಾಗಿದೆ.

ಇದಕ್ಕೆ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಶಾಸನಗಳನ್ನು ತಾಲ್ಲೂಕುವಾರು ಸಂಗ್ರಹಿಸಿದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿದ್ದು, ಅದರ 6ನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಿಗೆ ಮೀಸಲಾಗಿದೆ, ನಾಗಮಂಗಲ 7ನೆಯದರಲ್ಲಿದೆ. ಅಲ್ಲಿ ಪ್ರತಿ ಶಾಸನಕ್ಕೂ ಸಂಖ್ಯೆಯುಂಟು, ಊರಿನ ಹೆಸರುಂಟು, ಕಲ್ಲು ಎಲ್ಲಿ ನಿಂತಿದೆ ಎಂಬ ವಿವರವುಂಟು. ಅನುಮಾನ ಬಂದವರು ಆ ಊರಿಗೆ ಹೋಗಿ ಕಲ್ಲನ್ನೇ ನೋಡಬಹುದು.

ಅದೇ ಶಿಸ್ತಿನಲ್ಲಿ ಬರೆದರೆ 1799ರ ಮೇ 4ರ ಪುಟ ಹೇಗಿರುತ್ತದೆ? ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ರಾತ್ರಿ ದ್ವಾರವೊಂದರಲ್ಲಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತೆಂದು ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಕೊಂದವನ ಹೆಸರು ಖಚಿತವಾಗಿ ತಿಳಿಯದು. ತಿಳಿಯದು ಎಂದು ಬರೆಯುವುದರಿಂದ ಯಾವ ಜನಾಂಗದ ಗೌರವಕ್ಕೂ ಕುಂದಿಲ್ಲ. ಹಾಗೆಯೇ, ಟಿಪ್ಪುವಿನ ಕಾಲದಲ್ಲಿ ತಮ್ಮವರ ಹತ್ಯೆಯಾಯಿತೆಂದು ನಂಬಿ ನರಕ ಚತುರ್ದಶಿಯನ್ನು ಆಚರಿಸದ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳ ನೆನಪಿಗೂ ಅಲ್ಲಿ ಸ್ಥಾನವಿರಬೇಕು. ಅದು ಸಮುದಾಯದ ಸ್ಮೃತಿ, ಅಂದರೆ ತಲೆಮಾರಿನಿಂದ ತಲೆಮಾರಿಗೆ ಬಂದ ಮಾತು, ಎಂಬ ಸೂಚನೆಯೂ ಜೊತೆಗಿರಬೇಕು. ಶ್ರೀರಂಗನಾಥ ದೇವಾಲಯಕ್ಕೆ ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳನ್ನು ಅದೇ ಪುಟ ಮುಚ್ಚಿಡಬಾರದು.

ಟಿಪ್ಪುವನ್ನು ಮೊದಲ ಸ್ವಾತಂತ್ರ್ಯ ಹೋರಾಟಗಾರನೆಂದು ಸಾರುವವರೂ ಈ ಶಿಸ್ತಿಗೆ ಒಳಪಡಬೇಕು. ಆತ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಾದಾಡಿ ಮಡಿದ ದೊರೆ, ಫ್ರೆಂಚರ ನೆರವನ್ನು ಬಯಸಿದ ದೊರೆ. ಅವರ ಪಡೆ ಬೀಡುಬಿಟ್ಟಿದ್ದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಇತ್ತು. ಪ್ರಜೆಗಳೇ ಆಳಬೇಕೆಂಬ ಹೋರಾಟ ಈ ಸೀಮೆಯಲ್ಲಿ ಕಣ್ಣಿಗೆ ಕಟ್ಟುವಂತೆ ನಡೆದದ್ದು 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ. ನಿಷೇಧವನ್ನು ಧಿಕ್ಕರಿಸಿ ಧ್ವಜವೇರಿಸಿದ ಆ ಸತ್ಯಾಗ್ರಹಕ್ಕೆ ದಾಖಲೆಯೂ ಇದೆ, ಸ್ಮಾರಕಸೌಧವೂ ಇದೆ. ಇಲ್ಲದ ವೀರರಿಗಾಗಿ ಬಡಿದಾಡುವ ರಾಜಕಾರಣ ಇದ್ದ ವೀರರನ್ನು ಮರೆಸಿರುವುದು ಜಿಲ್ಲೆಗೆ ಆಗಿರುವ ನಿಜವಾದ ಅನ್ಯಾಯ.

ಸರ್ಕಾರ ಈ ತಾಣವನ್ನು ಇತಿಹಾಸಕಾರರ ಮತ್ತು ಶಾಸನತಜ್ಞರ ಕೈಗೆ ಒಪ್ಪಿಸಬೇಕು. ಆಧಾರ ತೋರಿಸಲಾಗದ ಒಂದು ಸಾಲನ್ನೂ, ಯಾವ ಪಕ್ಷ ಒತ್ತಾಯಿಸಿದರೂ, ಅದರಲ್ಲಿ ಸೇರಿಸಬಾರದು.