ಕೋಪವೂ ಹಿರಿತನವೂ
(ಅಂತಿಮ ಬಿ.ಎ. ವಿದ್ಯಾರ್ಥಿ)

ಕೋಪವು ಮನುಷ್ಯನ ಶತ್ರುವೆಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಆದರೂ ಮನೆಗೆ ಹಿರಿಯನೆನಿಸಿಕೊಂಡ ಗಂಡಸಿಗೆ ಕೋಪವೇ ಭೂಷಣವೆಂಬ ಭಾವನೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. "ಅವರು ಬಂದರೆ ಸಾಕು, ಮಕ್ಕಳು ಉಸಿರೆತ್ತುವುದಿಲ್ಲ" ಎಂದು ಹೆಮ್ಮೆಯಿಂದ ಹೇಳುವವರುಂಟು. ಹೆದರಿಕೆಯಿಂದ ಹುಟ್ಟಿದ ಮೌನವನ್ನು ಗೌರವವೆಂದು ಭಾವಿಸುವುದು ಸರಿಯೆ?

ಈ ಪ್ರಶ್ನೆಗೆ ಕ್ರೈಸ್ತ ಪರಂಪರೆಯಲ್ಲಿ ದೊರೆಯುವ ಉತ್ತರ ಎಲ್ಲ ಮತದವರಿಗೂ ವಿಚಾರಯೋಗ್ಯವಾಗಿದೆ. ಯೇಸುವು ಕೋಪವನ್ನೇ ಅರಿಯದವನಲ್ಲ. ಜೆರೂಸಲೇಮಿನ ದೇವಾಲಯದಲ್ಲಿ ಅವನು ವ್ಯಾಪಾರಿಗಳ ಮೇಜುಗಳನ್ನು ಉರುಳಿಸಿದನು. ಆದರೆ ಮತ್ತಾಯನ ಸುವಾರ್ತೆ ಅದರ ಬೆನ್ನಿಗೇ ಹೇಳುವ ಸಂಗತಿಯನ್ನು ನಾವು ಗಮನಿಸಬೇಕು. ಅದೇ ದೇವಾಲಯದಲ್ಲಿ ಕುರುಡರೂ ಕುಂಟರೂ ಅವನ ಬಳಿಗೆ ಬಂದರು. ಮಕ್ಕಳು ಜಯಕಾರ ಮಾಡಿದರು. ಬಲವಂತರನ್ನು ಎದುರಿಸಿದ ಆ ಕೋಪಕ್ಕೆ ಬಲಹೀನರು ಹೆದರಿ ಓಡಲಿಲ್ಲ. ಕೋಪವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವುದಿದೆ?

ಈ ತತ್ತ್ವವನ್ನು ನಡೆವಳಿಕೆಗೆ ತಂದವರಲ್ಲಿ ಇಟಲಿಯ ಪಾದ್ರಿ ಡಾನ್ ಬಾಸ್ಕೊ (1815–1888) ಮುಖ್ಯರು. ಟ್ಯೂರಿನ್ ನಗರದ ದಿಕ್ಕಿಲ್ಲದ ಹುಡುಗರನ್ನು ಕೂಡಿಸಿಕೊಂಡು ಅನ್ನ, ಅಕ್ಷರ, ಕಸುಬುಗಳನ್ನು ಕೊಟ್ಟ ಅವರು, 1859ರಲ್ಲಿ ಸಲೇಷಿಯನ್ ಸಭೆಯನ್ನು ಸ್ಥಾಪಿಸಿದರು. ಸೌಮ್ಯತೆಗೆ ಹೆಸರಾದ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಮಕ್ಕಳನ್ನು ಹೊಡೆಯುವುದು, ಕಿವಿ ಹಿಂಡುವುದು, ಮಂಡಿಯೂರಿಸಿ ನೋಯಿಸುವುದು ಇವೆಲ್ಲ ಕೂಡದೆಂದು ಅವರು 1877ರಲ್ಲೇ ಬರೆದರು. ಅಂಥ ಶಿಕ್ಷೆಯಿಂದ ಹುಡುಗನು ಕೆರಳುತ್ತಾನೆ, ಶಿಕ್ಷಕನೂ ಕೀಳಾಗುತ್ತಾನೆ ಎಂಬುದು ಅವರು ಕೊಟ್ಟ ಕಾರಣ. ನಮ್ಮ ದೇಶದ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಶಿಕ್ಷಣ ಹಕ್ಕು ಕಾಯಿದೆ ಬಂದದ್ದು 2009ರಲ್ಲಿ!

ಅದೇ ಸಭೆಯ ವಿದ್ಯಾರ್ಥಿಗಳು 1980ರಲ್ಲಿ ನಮ್ಮ ಬೆಂಗಳೂರಿನ ಬೀದಿ ಮಕ್ಕಳಿಗಾಗಿ ಕೆಲಸ ಆರಂಭಿಸಿದರು. 'ಬೆಂಗಳೂರು ಓಣಿಯವರ ಸೇವಾ ಕೂಟ' ಎಂದು ಅದರ ಹೆಸರು; ಜನ ಚಿಕ್ಕದಾಗಿ ಬಾಸ್ಕೊ ಎನ್ನುತ್ತಾರೆ. ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಇಳಿಯುವ ಹುಡುಗರನ್ನು ಅದರ ಕಾರ್ಯಕರ್ತರು ಮಾತನಾಡಿಸಿ ಕರೆದೊಯ್ಯುತ್ತಾರೆ. ಮನೆಯ ಹೊಡೆತ ತಾಳಲಾರದೆ ಓಡಿಬಂದ ಹುಡುಗನನ್ನು ಗದರಿಸಿ ಗೆಲ್ಲಲಾದೀತೆ? "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ?" ಎಂಬ ಗಾದೆಯ ಮಾತು ಅಲ್ಲಿ ಪ್ರತ್ಯಕ್ಷವಾಗುತ್ತದೆ.

"ಪೆಟ್ಟು ಬೀಳದೆ ಮಕ್ಕಳು ತಿದ್ದುವುದಿಲ್ಲ" ಎನ್ನುವ ಹಿರಿಯರಿದ್ದಾರೆ. ಆದರೆ ಆ ಪೆಟ್ಟುಗಳಲ್ಲಿ ಮಗುವಿನ ತಪ್ಪಿಗಾಗಿ ಬಿದ್ದವು ಎಷ್ಟು? ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಹೆಸರು ಸೇರಿ ಆದ ನಮ್ಮ ಬಿಟಿಎಂ ಲೇಔಟಿನಲ್ಲಿ ಹಗಲೆಲ್ಲ ಇನ್ನೊಬ್ಬರ ಮಾತು ಕೇಳಿ ದುಡಿಯುವವರೇ ಹೆಚ್ಚು. ಹಗಲು ನುಂಗಿದ ಅವಮಾನ ರಾತ್ರಿ ಮನೆಯಲ್ಲಿ ಹೊರಬೀಳುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ!

ನನ್ನ ತಂದೆಯವರು ಗಾರೆ ಕೆಲಸದವರು; ಓದು ಬರಹ ಕಲಿತವರಲ್ಲ. ಮೇಸ್ತ್ರಿಯ ಬೈಗುಳ ಕೇಳಿ ಬಂದ ಸಂಜೆಗಳಲ್ಲಿ ಅವರು ಕೈಕಾಲು ತೊಳೆದು, ಹೊರಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಅನಂತರ ಒಳಗೆ ಬರುತ್ತಿದ್ದರು. ಡಾನ್ ಬಾಸ್ಕೊ ಅವರ ಹೆಸರನ್ನು ಅವರು ಕೇಳಿರಲಾರರು. ಆದರೂ ಆ ಮೆಟ್ಟಿಲೇ ನಮ್ಮ ಮನೆಯನ್ನು ಕಾಪಾಡಿತೆಂದು ನಾನು ನಂಬುತ್ತೇನೆ.

ನಮ್ಮ ಮನೆತನದಲ್ಲಿ ಪದವಿಯ ಹೊಸಿಲು ತಲುಪಿದವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಹಲವರಿದ್ದಾರೆ. ನಾಳೆ ನಮ್ಮಲ್ಲಿ ಕೆಲವರು ಮೇಷ್ಟರಾಗುವೆವು, ಕೆಲವರು ಅಧಿಕಾರಿಗಳಾಗುವೆವು. ತಮ್ಮ ತಂಗಿಯರಿಗಂತೂ ಈಗಾಗಲೇ ಹಿರಿಯರು. ಅನ್ಯಾಯವನ್ನು ಕಂಡಾಗ ನಮಗೆ ಕೋಪ ಬರಲಿ. ಬಾರದಿದ್ದರೆ ಕಲಿತದ್ದು ವ್ಯರ್ಥ. ಆದರೆ ನಮ್ಮ ಕೈಕೆಳಗಿನವರು ಆ ಕೋಪವನ್ನು ಕಂಡೂ ನಮ್ಮ ಹತ್ತಿರ ಬರುವಂತಿರಬೇಕು. ಹಿರಿತನವೆಂದರೆ ಅದೇ ಅಲ್ಲವೆ, ಮಿತ್ರರೆ?