ಬಾಯ್ಲರ್‌ಗೆ ಹೊಟ್ಟು: ಹಸಿರಿನ ಲೆಕ್ಕ ಎಲ್ಲಿಂದ ಆರಂಭ?

ಗವಿಪುರಂನ ಹಳೆಯ ಮನೆಗಳ ಬಚ್ಚಲಿನಲ್ಲಿ ತಾಮ್ರದ ಹಂಡೆ ಇದ್ದ ಕಾಲವನ್ನು ಕಂಡವರು ಇನ್ನೂ ಅನೇಕರಿದ್ದಾರೆ. ತೆಂಗಿನ ಗರಿ, ಕರಟ, ಮರದ ಹೊಟ್ಟು ಅದರ ಒಲೆಗೆ ಉರುವಲು. ಸಮೀಪದ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಯ ನಂತರ ಬೀದಿಯಲ್ಲಿ ಉಳಿಯುವ ಸಿಪ್ಪೆಯೂ ಅದೇ ಜಾತಿಗೆ ಸೇರಿದ್ದು. ಇಂದು ಇದೇ ಬಗೆಯ ಪದಾರ್ಥಗಳು ಯಂತ್ರದಲ್ಲಿ ಒತ್ತಿದ ಬ್ರಿಕೆಟ್‌ಗಳಾಗಿ ಕೈಗಾರಿಕೆಗಳ ಬಾಯ್ಲರ್‌ ಸೇರುತ್ತಿವೆ. ಅವುಗಳಿಗೀಗ ‘ಬಯೋಮಾಸ್’ ಎಂಬ ಹೆಸರು. ಕಲ್ಲಿದ್ದಲು ಮತ್ತು ಫರ್ನೇಸ್ ಆಯಿಲ್‌ಗೆ ನವೀಕರಿಸಬಹುದಾದ ಪರ್ಯಾಯ ಎಂಬ ಮನ್ನಣೆ. ಈ ಮಾತು ಸುಳ್ಳಲ್ಲ. ಆದರೆ ಅದಕ್ಕೊಂದು ಷರತ್ತಿದೆ.

ಸಸ್ಯವು ಬೆಳೆಯುವಾಗ ಹೀರಿಕೊಂಡ ಇಂಗಾಲವೇ ಉರಿದಾಗ ಗಾಳಿಗೆ ಮರಳುತ್ತದೆ. ಮುಂದಿನ ಬೆಳೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಬೆಳೆಯ ಉಳಿಕೆಯಾದರೆ ಈ ಚಕ್ರ ಒಂದೆರಡು ವರ್ಷಗಳಲ್ಲಿ ಪೂರ್ಣಗೊಳ್ಳುತ್ತದೆ. ಕಡಿದ ಮರವಾದರೆ ದಶಕಗಳೇ ಬೇಕು. ಆದ್ದರಿಂದ ಉರುವಲು ಹಸಿರೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರ ಹೆಸರಲ್ಲ, ಮೂಲ.

ರಾಜ್ಯದ ಸಕ್ಕರೆ ಕಾರ್ಖಾನೆಗಳು ಇದಕ್ಕೆ ಉತ್ತಮ ನಿದರ್ಶನ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗ ‘ನವೀಕರಿಸಬಹುದಾದ ಇಂಧನ’ ಎಂಬ ಪದವೇ ಬಳಕೆಯಲ್ಲಿರಲಿಲ್ಲ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ ದೊರೆಯುತ್ತದೆ. ಅದರ ಅರ್ಧದಷ್ಟು ತೂಕ ನೀರೇ ಆದರೂ, ಉರುವಲು ಬಾಯ್ಲರ್‌ನ ಬಾಗಿಲಲ್ಲೇ ಬಿದ್ದಿರುವುದರಿಂದ ಲೆಕ್ಕ ಸರಿಹೊಂದುತ್ತದೆ.

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಿಗೆ ಈ ಅನುಕೂಲವಿಲ್ಲ. ಒಂದು ಘನ ಮೀಟರ್ ಭತ್ತದ ಹೊಟ್ಟಿನ ತೂಕ ಸುಮಾರು 100 ಕೆ.ಜಿ. ಮಾತ್ರ, ಲಾರಿ ತುಂಬಿದರೂ ಉರುವಲು ತುಂಬುವುದಿಲ್ಲ. ಬ್ರಿಕೆಟ್ ಮಾಡಿದರೆ ಗಾತ್ರ ತಗ್ಗುತ್ತದೆ, ಖರ್ಚು ಏರುತ್ತದೆ. ಒಂದು ಕೆ.ಜಿ. ಫರ್ನೇಸ್ ಆಯಿಲ್ ಸುಮಾರು 10,000 ಕಿಲೋ ಕ್ಯಾಲರಿ ಶಾಖ ನೀಡಿದರೆ, ಒಳ್ಳೆಯ ಬ್ರಿಕೆಟ್ ನೀಡುವುದು ಸುಮಾರು 4,000. ಅಂದರೆ ಒಂದು ಟನ್ ತೈಲದ ಜಾಗಕ್ಕೆ ಎರಡೂವರೆ ಟನ್ ಉರುವಲು ಬೇಕು. ಮಳೆಗಾಲದಲ್ಲಿ ಅದು ಒದ್ದೆಯಾದರೆ ನೀರನ್ನು ಆವಿ ಮಾಡುವುದರಲ್ಲೇ ಶಾಖ ವ್ಯಯವಾಗುತ್ತದೆ. ಭತ್ತದ ಹೊಟ್ಟಿನ ಐದನೇ ಒಂದು ಭಾಗದಷ್ಟು ಬೂದಿಯಾಗಿ ಉಳಿಯುತ್ತದೆ. ಚಿಮಣಿಗೆ ದೂಳು ತಡೆಯುವ ಸಾಧನ ಇಲ್ಲದಿದ್ದರೆ ಇಂಗಾಲದ ಉಳಿತಾಯಕ್ಕೆ ಬೆಲೆ ತೆರುವುದು ನೆರೆಹೊರೆಯವರ ಶ್ವಾಸಕೋಶ.

ಇದಕ್ಕಿಂತ ಗಂಭೀರವಾದುದು ಹಂಚಿಕೆಯ ಪ್ರಶ್ನೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ ಅವರು ಬೆಂಗಳೂರಿನ ಸೌದೆ ಬಳಕೆಯ ಕುರಿತು 1983ರಲ್ಲಿ ಪ್ರಕಟಿಸಿದ ಅಧ್ಯಯನವು, ಮನೆಯ ಒಲೆಗೆ ಯಾವ ಇಂಧನ ಎಂಬುದು ಆದಾಯದ ಶ್ರೇಣಿಗೆ ತಳುಕು ಹಾಕಿಕೊಂಡಿದೆ ಎಂಬುದನ್ನು ಎತ್ತಿ ತೋರಿಸಿತ್ತು. ಆ ಮಾತು ಇಂದಿಗೂ ಪ್ರಸ್ತುತ. ತೊಗರಿ ಕಟ್ಟಿಗೆಗೆ ಕಾರ್ಖಾನೆ ಬೆಲೆ ಕಟ್ಟಿದರೆ ರೈತನಿಗೆ ನಾಲ್ಕು ಕಾಸು ಸಿಗಬಹುದು. ಆದರೆ ಅದನ್ನೇ ಆಯ್ದು ತಂದು ಒಲೆ ಹಚ್ಚುತ್ತಿದ್ದ ಭೂರಹಿತ ಕುಟುಂಬದ ಗತಿ ಏನು? ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನೊಂದಿಗೆ ಶೇ 5ರಷ್ಟು ಬಯೋಮಾಸ್ ಬೆರೆಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ಹೊರಡಿಸಿದ ಮೇಲೆ ದೊಡ್ಡ ಗ್ರಾಹಕರೂ ಇದೇ ರಾಶಿಯತ್ತ ಕೈಚಾಚುವಂತಾಗಿದೆ.

ಉಳಿಕೆ ಸಾಲದಾದಾಗ ಆ ಜಾಗಕ್ಕೆ ಬರುವುದು ಮರ. ಅಂತರ್ಜಲದ ಕಾಳಜಿಯಿಂದ ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬಾಯ್ಲರ್‌ಗಳ ಹಸಿವು ಅಂತಹ ತೋಪುಗಳಿಗೆ ಹಿಂಬಾಗಿಲು ತೆರೆದರೆ ಅದು ಹಸಿರು ನೀತಿಯಾಗಲಾರದು.

ಹಾಗೆಂದು ಕಲ್ಲಿದ್ದಲೇ ಲೇಸು ಎಂದಲ್ಲ. ಅನುಮತಿ ಮತ್ತು ರಿಯಾಯಿತಿ ನೀಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಬೇಕಾಗಿದೆ: ಉರುವಲು ಎಲ್ಲಿಯದು, ಎಷ್ಟು ದೂರದಿಂದ ಬರುತ್ತದೆ, ಈವರೆಗೆ ಅದನ್ನು ಯಾರು ಬಳಸುತ್ತಿದ್ದರು? ಇನ್ನು ಗವಿಪುರಂನ ಹಂಡೆಯ ಜಾಗವನ್ನು ಮಾಳಿಗೆಯ ಸೌರ ಹೀಟರ್ ಆಕ್ರಮಿಸಿದೆ. ಬಾಯ್ಲರ್‌ಗೆ ಹೋಗುವ ನೀರನ್ನು ಕಾರ್ಖಾನೆಗಳೂ ಬಿಸಿಲಿನಲ್ಲೇ ಬೆಚ್ಚಗಾಗಿಸಿಕೊಳ್ಳಬಹುದು. ಉರಿಸದೆ ಉಳಿಸಿದ ಉರುವಲಿಗಿಂತ ಹಸಿರಾದುದು ಬೇರೊಂದಿಲ್ಲ.